ಒಬ್ಬರ ಕೈಯ ರೊಟ್ಟಿ

ಹಿತ್ತಿಲ ಕಲ್ಲುಚಪ್ಪಡಿಯ ಮೇಲೆ ಒಂದು ಕಬ್ಬಿಣದ ಬಾಣಲೆ ಬೋರಲು ಬಿದ್ದಿದೆ. ಅದರ ಬೆನ್ನಿನ ಮೇಲೆ ಎಷ್ಟೋ ವರ್ಷಗಳ ಮಸಿ ಪದರ ಪದರವಾಗಿ ಕೂತು, ಹಳೆಯ ಮರದ ತೊಗಟೆಯ ಹಾಗೆ ಸೀಳು ಬಿಟ್ಟಿದೆ. ಈಗಷ್ಟೇ ಸುರಿದ ನೀರು ಆ ಸೀಳುಗಳಲ್ಲಿ ನಿಂತಿದೆ. ನಿಂತಲ್ಲಿಂದ ಸಣ್ಣಗೆ ಆವಿ ಏಳುತ್ತಿದೆ. ಪಕ್ಕದಲ್ಲಿ ಅಂಚು ನೆಗ್ಗಿದ ಹಿತ್ತಾಳೆ ಚೊಂಬು. ಅದರ ತಳದಲ್ಲಿ ಉಳಿದ ನೀರಿನಲ್ಲಿ ಇನ್ನೂ ಬಣ್ಣ ಬಾರದ ಆಕಾಶದ ಒಂದು ಚೂರು, ಆ ಚೂರಿನ ಅಂಚಿಗೆ ಪರಂಗಿ ಗಿಡದ ಒಂದು ಎಲೆ. ಒದ್ದೆ ಕಲ್ಲಿಗೆ ಸಬ್ಬಸಿಗೆ ಸೊಪ್ಪಿನ ಎಸಳೊಂದು ಅಂಟಿಕೊಂಡಿದೆ. ಗೋಡೆಯ ಮೇಲೆ ಬಿಸಿಲು ಇನ್ನೂ ಕಾಲಿಟ್ಟಿಲ್ಲ. ಯಾರೂ ಇಲ್ಲ. ಅಡಿಗೆಮನೆಯ ಬಾಗಿಲು ಅರ್ಧ ತೆರೆದಿದೆ. ಒಳಗಿನಿಂದ ಅಂಗೈ ಹಿಟ್ಟನ್ನು ತಟ್ಟುವ ಮೆತ್ತನೆಯ ಸದ್ದು, ಅದರ ಬೆನ್ನಿಗೇ ಎಣ್ಣೆ ಚುರುಗುಟ್ಟುವ ಸದ್ದು.

ಚಾಮರಾಜಪೇಟೆಯ ವಠಾರವೊಂದರ ಕೊನೆಯ ಮನೆಯಲ್ಲಿ, ಎಪ್ಪತ್ತರ ದಶಕದ ಆ ಕೆಲವು ವರ್ಷ, ಬೆಳಗಾಗುತ್ತಿದ್ದುದು ಹೀಗೆ. ಮನೆಯಲ್ಲಿ ಇಬ್ಬರೇ ಹೆಂಗಸರು: ಪಾರ್ವತಮ್ಮನವರು ಮತ್ತು ಅವರ ಸೊಸೆ ಶಿವಕುಮಾರಿ. ಪಾರ್ವತಮ್ಮನವರ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಗುರುಸಿದ್ಧ ತರಗುಪೇಟೆಯ ಕಾಳಿನ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಮದುವೆಯಾದ ಮರುವರ್ಷ ಅವನಿಗೆ ಕಾಮಾಲೆ ಬಂತು. ಮೊದಲು ಕಣ್ಣು, ಆಮೇಲೆ ಉಗುರು, ಕೊನೆಗೆ ಮೈಯೆಲ್ಲ ಅರಿಶಿನವಾಗಿ, ಸೊಸೆಯ ಕೈಬಳೆಯ ಹಸಿರು ಮಾಸುವ ಮೊದಲೇ ಅವನು ಹೋಗಿಬಿಟ್ಟ.

ಮಾತಾಡಿಸಿ ಹೋಗಲು ಬಂದ ಮಂಡಿಯ ಹಮಾಲಿಗಳಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಅವರಲ್ಲಿ ಶ್ರೀರಾಂಪುರದ ಕೆಂಚಪ್ಪ ಎಂಬವನು ತಲೆ ತಗ್ಗಿಸಿ ನಿಂತು, ಗುರುಸಿದ್ಧಪ್ಪನವರ ಡಬ್ಬಿಯಲ್ಲಿ ಬರುತ್ತಿದ್ದ ರಾಗಿರೊಟ್ಟಿಯಲ್ಲಿ ಅರ್ಧ ತನಗೇ ಬರುತ್ತಿತ್ತೆಂದೂ, ಇನ್ನು ಅದು ಸಿಕ್ಕುವುದಿಲ್ಲವಲ್ಲ ಎಂದೂ ಹೇಳಿ ಅತ್ತ. ಮಗನಿಗಾಗಿ ಆಡಿದ ಸಂತಾಪದ ಮಾತುಗಳಲ್ಲಿ ಪಾರ್ವತಮ್ಮನವರ ಮನಸ್ಸಿಗೆ ನಾಟಿದ್ದು ಅದೊಂದೇ. ತಿಂಗಳು ಕಳೆದ ಮೇಲೆ ಒಲೆ ಹೊತ್ತಿಸಿ, ಅಡಿಗೆಮನೆಯ ಬೀದಿ ಕಡೆಯ ಕಿಟಕಿ ತೆರೆದು, ಬೆಳಗಿನ ಲಾರಿ ಇಳಿಸುವ ಮುಂಚೆ ಹಸಿದು ಬರುವವರಿಗೆ ರೊಟ್ಟಿ ಕೊಡತೊಡಗಿದರು. ಮುತ್ತುಗದ ಎಲೆಯ ಮೇಲೆ ಬಿಸಿ ರೊಟ್ಟಿ, ಅದರ ಮಗ್ಗುಲಿಗೆ ಹುಚ್ಚೆಳ್ಳಿನ ಚಟ್ನಿಪುಡಿ, ಶನಿವಾರ ಒಂದು ಗುಂಡು ಬೆಣ್ಣೆ. ಸಂಜೆ ಹೊತ್ತು ರಾಗಿ ನಿಪ್ಪಟ್ಟು, ಹುರಿಹಿಟ್ಟಿನ ಉಂಡೆ. ಇಬ್ಬರ ಜೀವನಕ್ಕೆ ಅಷ್ಟು ಸಾಕಾಯಿತು.

ರಾಗಿ ಹಿಟ್ಟಿಗೆ ಜಿಗಿ ಇಲ್ಲ. ಲಟ್ಟಣಿಗೆಗೆ ಬಗ್ಗುವುದಿಲ್ಲ, ಎಳೆದರೆ ಹರಿಯುತ್ತದೆ. ಆ ಮನೆಯ ಕ್ರಮವೆಂದರೆ ಬಾಣಲೆ ರೊಟ್ಟಿ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ, ಕಾಯಿತುರಿ ಬೆರೆಸಿ ಕಲಸಿದ ಹಿಟ್ಟಿನ ಉಂಡೆಯನ್ನು ತಣ್ಣಗಿನ ಬಾಣಲೆಯ ಹೊಟ್ಟೆಯೊಳಗೆ ಇಟ್ಟು, ಬೆರಳ ತುದಿಯಿಂದ ಅಂಚಿನವರೆಗೆ ತೆಳ್ಳಗೆ ಹರಡಿ, ನಡುವೆ ತೂತು ಮಾಡಿ, ಎಣ್ಣೆ ಬಿಟ್ಟು, ಆಮೇಲೆ ಬಾಣಲೆಯನ್ನೇ ಒಲೆಗೇರಿಸಬೇಕು. ಕಾದ ಬಾಣಲೆಗೆ ಹಿಟ್ಟು ಕಚ್ಚುವುದಿಲ್ಲ. ಆದ್ದರಿಂದ ಬಾಣಲೆಗಳು ಎರಡು. ಒಂದು ಬೇಯುವಾಗ ಇನ್ನೊಂದನ್ನು ಹಿತ್ತಿಲಿಗೆ ಒಯ್ದು ಬೋರಲು ಹಾಕಿ, ಬೆನ್ನ ಮೇಲೆ ನೀರು ಸುರಿದು ತಣಿಸಿ ತರಬೇಕು. ಪಾರ್ವತಮ್ಮನವರ ಬಲಗೈಯ ಮಣಿಕಟ್ಟು ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಮುರಿದು, ನಾಟಿ ಕಟ್ಟಿನಲ್ಲಿ ಸೊಟ್ಟಗೆ ಕೂಡಿತ್ತು. ಆ ಕೈ ತಟ್ಟುತ್ತಿತ್ತು, ಭಾರ ಎತ್ತುತ್ತಿರಲಿಲ್ಲ. ತಟ್ಟುವುದು ಅತ್ತೆ, ಏರಿಸಿ, ಇಳಿಸಿ, ತಣಿಸಿ ತರುವುದು ಸೊಸೆ. ಬಾಣಲೆ ನೆಲಕ್ಕೆ ತಾಗುವ ಸದ್ದಿಗೆ ಅತ್ತೆಯ ಕೈ ಉಂಡೆಗೆ ಹೋಗುತ್ತಿತ್ತು. ತಟ್ಟುವ ಸದ್ದು ನಿಂತೊಡನೆ ಸೊಸೆಯ ಕೈ ಬಾಣಲೆಯ ಕಿವಿಗೆ ಬರುತ್ತಿತ್ತು. ನಡುವೆ ಮಾತಿರಲಿಲ್ಲ. ಆ ಮನೆಯಲ್ಲಿ ಪ್ರೀತಿಯೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಗುರುಸಿದ್ಧ ಸತ್ತ ದಿನ ಕೂಡ ಅವರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳಲಿಲ್ಲ. ಬೇರೆ ಬೇರೆ ಗೋಡೆಗೆ ಒರಗಿ ಕೂತಿದ್ದರು.

ಕಿಟಕಿಯ ಹೊರಗೆ ಮಾತಿಗೇನೂ ಕೊರತೆಯಿರಲಿಲ್ಲ. “ಅತ್ತೆ ಸೊಸೆ ಜಗಳ ಆಡದೆ ಇರೋ ಮನೇಲಿ ರೊಟ್ಟಿಗೆ ಖಾರಾನೇ ಹತ್ತಲ್ಲ ಕಣಮ್ಮ. ನಮಗೋಸ್ಕರ ಒಂದಿನ ಆಡಿ,” ಎಂದು ಕೆಂಚಪ್ಪ ರೇಗಿಸುತ್ತಿದ್ದ.

“ಖಾರ ಬೇಕಾದ್ರೆ ಮನೇಗ್ಹೋಗಿ ನಿನ್ ಹೆಂಡ್ತೀನ ಮಾತಾಡ್ಸು ಕೆಂಚಪ್ಪಣ್ಣ,” ಎಂದು ಶಿವಕುಮಾರಿ ಹೊಗೆಯೊಳಗಿಂದಲೇ ಉತ್ತರ ಕೊಡುತ್ತಿದ್ದಳು. ಹೊರಗೆ ನಗೆ ಏಳುತ್ತಿತ್ತು. ಪಾರ್ವತಮ್ಮನವರು ತಲೆ ಎತ್ತದೆ, ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗುತ್ತಿದ್ದರು.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ, ಪಾರ್ವತಮ್ಮನವರ ತಮ್ಮ ಗಂಗಾಧರಯ್ಯ ಸೊಸೆಗೆ ಒಂದು ಸಂಬಂಧದ ಮಾತು ತಂದ. ಅವನಿಗೆ ಶಂಕರಪುರಂನಲ್ಲಿ ಸಣ್ಣದೊಂದು ದಿನಸಿ ಅಂಗಡಿ. ಬಂಧುಗಳಲ್ಲಿ ಅಂಥ ಮಾತನ್ನು ಜಗಲಿಯ ಮೇಲೆ ಕೂತು ಧೈರ್ಯವಾಗಿ ಆಡಬಲ್ಲವನು ಅವನೊಬ್ಬನೇ. ಹುಡುಗ ರೇವಣಸಿದ್ಧಯ್ಯ, ನೆಲಮಂಗಲದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಂಡತಿ ಸತ್ತಿದ್ದಾಳೆ, ಮಕ್ಕಳಿಲ್ಲ. ಅವರ ಜನರಲ್ಲಿ ವಿಧವೆಯ ಮರುಮದುವೆಯನ್ನು ಮದುವೆ ಎನ್ನುತ್ತಿರಲಿಲ್ಲ, ಸೀರೆ ಉಡಿಸುವುದು ಎನ್ನುತ್ತಿದ್ದರು. ವಾಲಗವಿಲ್ಲ, ಚಪ್ಪರವಿಲ್ಲ. ಆದರೆ ಉಟ್ಟವಳು ಮರುದಿನದಿಂದ ಗಂಡನಿರುವ ಹೆಂಗಸು.

ಒಂದು ಭಾನುವಾರ ರೇವಣಸಿದ್ಧಯ್ಯ ಬಂದ. ಕೂದಲು ಅಲ್ಲಲ್ಲಿ ನೆರೆತಿದ್ದ, ಮೆಲ್ಲಗೆ ಮಾತಾಡುವ ಮನುಷ್ಯ. ಪಾರ್ವತಮ್ಮನವರು ರೊಟ್ಟಿ ಹಾಕಿದರು. ಅವನು ಸದ್ದಿಲ್ಲದೆ ತಿಂದ. ತಿಂದಾದ ಮೇಲೆ ತಟ್ಟೆಯನ್ನು ತಾನೇ ಎತ್ತಿಕೊಂಡು ಬಚ್ಚಲಿಗೆ ಹೋಗಿ ತೊಳೆದಿಟ್ಟ; ಆ ವಯಸ್ಸಿನ ಗಂಡಸು ಹಾಗೆ ಮಾಡಿದ್ದನ್ನು ಪಾರ್ವತಮ್ಮನವರು ನೋಡಿರಲಿಲ್ಲ. ಹೊರಡುವ ಮುಂಚೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಶಿವಕುಮಾರಿಯ ಕೈಯಲ್ಲಿದ್ದ ಬಾಣಲೆಯನ್ನು ನೋಡಿ, “ಭಾರ ಇರ್ಬೇಕಲ್ಲ ಅದು,” ಎಂದ.

“ಅಭ್ಯಾಸ ಆಗಿದೆ,” ಎಂದಳು ಶಿವಕುಮಾರಿ. ಅಷ್ಟೇ. ಆದರೆ ಅವಳ ಕುತ್ತಿಗೆಯವರೆಗೆ ಏರಿದ ಕೆಂಪನ್ನು ಅತ್ತೆ ಕಂಡರು. ಇಷ್ಟು ವರ್ಷಗಳಲ್ಲಿ ಆ ಬಾಣಲೆ ಭಾರವೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲವೆಂಬುದು ಪಾರ್ವತಮ್ಮನವರಿಗೆ ಆಗ ಹೊಳೆಯಿತು.

ಉತ್ತರ ಕೇಳಲು ಗಂಗಾಧರಯ್ಯ ಬಂದಾಗ ಶಿವಕುಮಾರಿ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿಬಿಟ್ಟಳು. ಮನುಷ್ಯ ಒಳ್ಳೆಯವನೆಂದಳು, ಮಾವ ಇಷ್ಟು ಯೋಚಿಸಿದ್ದು ತನ್ನ ಪುಣ್ಯವೆಂದಳು. “ಆದ್ರೆ ಅತ್ತೆ ಕೈಲಿ ಬಾಂಡ್ಲಿ ಎತ್ತೋಕಾಗಲ್ಲ ಮಾವ,” ಎಂದು ಹೇಳಿ ಒಳಗೆ ಹೋದಳು. ಹೋದವಳು ಅಕ್ಕಿ ಆರಿಸಲು ಕೂತಳು, ಅಕ್ಕಿಯಲ್ಲಿ ಆ ದಿನ ಆರಿಸುವಂಥದ್ದು ಏನೂ ಇರಲಿಲ್ಲ.

ಪಾರ್ವತಮ್ಮನವರ ಎದೆಯೊಳಗೆ ಏನೋ ಒಂದು ಹಗುರವಾಗಿ ಎದ್ದು ಹಾರಿತು. ಅದು ಸಂತೋಷವೆಂದು ಗುರುತಿಸಿದ ಮರುಕ್ಷಣ ಅವರಿಗೆ ನಾಚಿಕೆಯಾಯಿತು.

ಜಗಲಿಯಿಂದ ಇಳಿಯುವಾಗ ಗಂಗಾಧರಯ್ಯ ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಕ್ಕನ ಮುಖ ನೋಡದೆ ಹೇಳಿದ: “ಅವಳು ಬೇಡ ಅನ್ಲಿಲ್ಲ ಅಕ್ಕ. ನಿನ್ನ ಕೈಲಾಗಲ್ಲ ಅಂದ್ಲು. ಎರಡೂ ಒಂದೇ ಅಂತ ನೀನು ತಿಳ್ಕೊಂಡ್ರೆ ನನಗೆ ಬೇಜಾರಿಲ್ಲ. ಯುಗಾದಿವರೆಗೂ ಅವರು ಕಾಯ್ತಾರಂತೆ.”

ಪಾರ್ವತಮ್ಮನವರು ಎರಡೂ ಒಂದೇ ಎಂದೇ ತಿಳಿದುಕೊಂಡರು. ಕೆಲವು ವಾರ ಹಾಗೆಯೇ ತಿಳಿದುಕೊಂಡಿರಲು ಸಾಧ್ಯವಾಯಿತು. ಬೆಳಗ್ಗೆ ಬಾಣಲೆ ನೆಲಕ್ಕೆ ತಾಗುತ್ತಿತ್ತು, ಕೈ ಉಂಡೆಗೆ ಹೋಗುತ್ತಿತ್ತು. ಹುಡುಗಿ ಎಂದಿನಂತೆಯೇ ಇದ್ದಾಳೆ, ನಗುತ್ತಾಳೆ, ತಿನ್ನುತ್ತಾಳೆ ಎಂದು ತಮಗೆ ತಾವೇ ಸಾಕ್ಷಿ ಹೇಳಿಕೊಂಡರು.

ಶಿವಕುಮಾರಿ ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ವಠಾರದ ಮತ್ತು ಅಕ್ಕಪಕ್ಕದ ಬೀದಿಗಳ ಹಸುಗೂಸುಗಳಿಗೆ ಉಣಿಸುವ ರಾಗಿ ಹಿಟ್ಟು ಅವಳ ಕೈಯದೇ ಆಗಬೇಕು ಎಂದು ಬಾಣಂತಿಯರ ನಂಬಿಕೆ. ರಾಗಿಯನ್ನು ತೊಳೆದು, ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಗಿರಣಿಗೆ ಕೊಡದೆ ಮನೆಯ ಬೀಸುಕಲ್ಲಿನಲ್ಲೇ ಬೀಸಿ, ಉಟ್ಟು ಉಟ್ಟು ಮೆತ್ತಗಾದ ಹಳೆಯ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. ಆ ಬಟ್ಟೆಯಿಂದ ಇಳಿದ ಹಿಟ್ಟು ಬೆರಳಿಗೆ ಸಿಕ್ಕಿದಂತೆಯೂ ಆಗುತ್ತಿರಲಿಲ್ಲ. ಎಷ್ಟೋ ಮಕ್ಕಳ ಮೊದಲ ತುತ್ತು ಅವಳ ತೊಡೆಯ ಮೇಲೆ ಹರಡಿದ ಬಟ್ಟೆಯಿಂದ ಇಳಿದದ್ದು.

ಎದುರು ಮನೆಯ ಗಂಗರತ್ನಮ್ಮನ ಮೊಮ್ಮಗಳು ಅಂಥ ಮಕ್ಕಳಲ್ಲೊಂದು. ಅದಕ್ಕೆ ವರ್ಷ ತುಂಬಿದ ದಿನ ಆರತಿ ಇಟ್ಟುಕೊಂಡಿದ್ದರು. ವಠಾರದ ಹೆಂಗಸರೆಲ್ಲ ಹೋದರು. ಮಗುವಿನ ಹಿಟ್ಟು ಮುಗಿದಿತ್ತೆಂದು ಹೊಸದನ್ನು ಡಬ್ಬಿಗೆ ತುಂಬಿಕೊಂಡು ಶಿವಕುಮಾರಿಯೂ ಹೋದಳು. ಕಿಟಕಿಯಿಂದ ಪಾರ್ವತಮ್ಮನವರಿಗೆ ಎಲ್ಲ ಕಾಣುತ್ತಿತ್ತು. ಗಂಗರತ್ನಮ್ಮ ಬಾಗಿಲಿಗೇ ಬಂದು ಡಬ್ಬಿ ಇಸಿದುಕೊಂಡಳು; ಒಳಗಿನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಶಿವಕುಮಾರಿ ತಲೆದೂಗಿದಳು. ಒಳಗೆ ಆರತಿಯ ಹಾಡು ಎದ್ದಿತು. ಹಾಡಿನ ಒಂದು ನುಡಿ ಮುಗಿಯುವವರೆಗೆ ಅವಳು ಆ ಮನೆಯ ಮೆಟ್ಟಿಲ ಕೆಳಗೇ ನಿಂತಿದ್ದಳು.

ವಾಪಸು ಬಂದು, “ಕೆನ್ನೆ ನೋಡ್ಬೇಕಿತ್ತು ಅತ್ತೆ, ಒಳ್ಳೆ ಬನ್ನಿನ ಥರ ಆಗಿದೆ. ಬಾಗಿಲಿಂದಾನೇ ಕಾಣ್ತಿತ್ತು,” ಎಂದು ನಕ್ಕಳು. ಊಟಕ್ಕೆ ಬಡಿಸಿದಳು. ತಾನೂ ಉಂಡಳು.

ಮಧ್ಯಾಹ್ನ ಪಾರ್ವತಮ್ಮನವರು ನಡುಮನೆಯಲ್ಲಿ ಸೆರಗು ಹಾಸಿ ಅಡ್ಡಾಗಿದ್ದರು. ಹಿತ್ತಿಲ ಪಡಸಾಲೆಯಿಂದ ಬೀಸುಕಲ್ಲಿನ ಸದ್ದು ಬರುತ್ತಿತ್ತು. ಜೋಂಪು ಹತ್ತುವಾಗ ಆ ಸದ್ದಿನಲ್ಲಿ ಏನೋ ಒಂದು ಅವರ ಕಿವಿಯನ್ನು ಕಚ್ಚಿ ಎಬ್ಬಿಸಿತು. ಕಲ್ಲಿನ ಬಾಯಿಗೆ ಕಾಳು ಬೀಳುತ್ತಿದ್ದರೆ ಸದ್ದಿಗೆ ಒಂದು ತುಂಬು ಇರುತ್ತದೆ, ಒಂದು ಗೊಣಗು ಇರುತ್ತದೆ. ಇದು ಬೋಳಾಗಿತ್ತು. ಕಲ್ಲಿನ ಮೇಲೆ ಬರೀ ಕಲ್ಲು.

ಎದ್ದು ಬಾಗಿಲವರೆಗೆ ಹೋಗಿ ನೋಡಿದರು. ರಾಗಿ ತುಂಬಿದ ಮೊರ ಶಿವಕುಮಾರಿಯ ಮೊಣಕಾಲ ಪಕ್ಕದಲ್ಲಿ, ಇಟ್ಟ ಹಾಗೇ ಇತ್ತು. ಅವಳ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಬಲಗೈ ಗೂಟ ಹಿಡಿದು ಬರಿಗಲ್ಲನ್ನು ತಿರುಗಿಸುತ್ತಿತ್ತು. ನಿಧಾನವಾಗಿ, ಒಂದೇ ಸಮನೆ, ಯಾವುದೋ ದೂರದ ಊರಿಗೆ ನಡೆಯುತ್ತಿರುವವಳ ಹಾಗೆ. ಬರಿಗಲ್ಲು ತಿರುಗಿಸಬಾರದು ಎಂದು ಹೆಣ್ಣುಮಕ್ಕಳಿಗೆ ಕಲ್ಲಿನ ಮುಂದೆ ಕೂರಿಸಿದ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಕಲ್ಲು ಕಲ್ಲನ್ನೇ ತಿನ್ನುತ್ತದೆ. ಆ ಪುಡಿ ಮುಂದಿನ ಹಿಟ್ಟಿಗೆ ಸೇರಿ ಹಲ್ಲಿಗೆ ಸಿಕ್ಕುತ್ತದೆ. ಅದು ಶಿವಕುಮಾರಿಗೆ ತಿಳಿಯದ್ದೇನಲ್ಲ. ಅವಳಿಗೆ ತಾನು ತಿರುಗಿಸುತ್ತಿರುವುದೇ ತಿಳಿದಿರಲಿಲ್ಲ.

ಪಾರ್ವತಮ್ಮನವರು ಕೂಗಲಿಲ್ಲ. ಬಂದ ಹಾಗೇ ಹಿಂದಕ್ಕೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ಸದ್ದು ನಿಲ್ಲುವವರೆಗೂ ಕಣ್ಣು ತೆರೆದುಕೊಂಡೇ ಇದ್ದರು.

ಹೋಗು ಎಂದು ಬಾಯಲ್ಲಿ ಹೇಳಿದರೆ ಅವಳು ಹೋಗುವವಳಲ್ಲ. ಅತ್ತೆಯ ಸೊಟ್ಟ ಮಣಿಕಟ್ಟನ್ನು ತೋರಿಸಿ ಮಾತು ಮುಗಿಸಿಬಿಡುತ್ತಾಳೆ. ಅವಳ ಕಾರಣವನ್ನೇ ಇಲ್ಲವಾಗಿಸಬೇಕು.

ಪಾರ್ವತಮ್ಮನವರ ತವರು ಮಾಗಡಿಯ ಕಡೆ. ಅಲ್ಲಿ ಅವರ ತಾಯಿ ರೊಟ್ಟಿ ಮಾಡುತ್ತಿದ್ದ ರೀತಿ ಬೇರೆ. ಹಿಟ್ಟನ್ನು ಕುದಿನೀರಿನಲ್ಲಿ ನಾದಿ, ಒದ್ದೆ ಬಟ್ಟೆಯ ಮೇಲೆ ತಟ್ಟಿ, ಬಟ್ಟೆಯ ಸಮೇತ ಎತ್ತಿ ಕಾದ ಹೆಂಚಿನ ಮೇಲೆ ಮಗುಚಿ, ಬಟ್ಟೆಯನ್ನು ಸುಲಿದು ತೆಗೆಯುವುದು. ಹೆಂಚು ಒಲೆಯಿಂದ ಇಳಿಯುವುದೇ ಇಲ್ಲ. ಎತ್ತುವ ಭಾರವಿಲ್ಲ, ತಣಿಸುವ ಕಾಟವಿಲ್ಲ, ಎರಡನೆಯವರ ಕೈ ಬೇಡ. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹಾಗೆ ಮಾಡಿದಾಗ ಗಂಡ, ಇದು ನಮ್ಮ ಮನೆಯ ರೊಟ್ಟಿಯಲ್ಲ ಎಂದಿದ್ದರು. ಆಮೇಲೆ ಪಾರ್ವತಮ್ಮನವರು ಆ ಬಟ್ಟೆಯನ್ನು ಮುಟ್ಟಿರಲಿಲ್ಲ.

ಸೊಸೆ ರೊಟ್ಟಿಯ ರಾಗಿ ಬೀಸಿಸಲು ಗಿರಣಿಗೆ ಹೋಗುವ ಮಧ್ಯಾಹ್ನಗಳಲ್ಲಿ ಅಭ್ಯಾಸ ಶುರುವಾಯಿತು. ಬೆರಳುಗಳಿಗೆ ಹುಡುಗಿಯಾಗಿದ್ದಾಗಿನ ನೆನಪು ಇತ್ತು, ವಯಸ್ಸಿನ ಮಣಿಕಟ್ಟಿಗೆ ಇರಲಿಲ್ಲ. ಬಟ್ಟೆ ಮಗುಚುವಾಗ ರೊಟ್ಟಿ ಎರಡಾಗುತ್ತಿತ್ತು. ಆವಿ ಉಗುರಿನ ಸಂದಿಯನ್ನು ಸುಡುತ್ತಿತ್ತು. ಬಟ್ಟೆ ಹೆಚ್ಚು ಒದ್ದೆಯಾದರೆ ಅಂಚು ಕರಗುತ್ತಿತ್ತು, ಕಡಿಮೆಯಾದರೆ ಅಂಟುತ್ತಿತ್ತು. ಒಂದು ಹಿಡಿ ಅನ್ನ ಹಿಸುಕಿ ಸೇರಿಸಿದರೆ ಹಿಟ್ಟು ಹಿಡಿದುಕೊಳ್ಳುತ್ತದೆ ಎಂದು ತಾಯಿ ಮಾಡುತ್ತಿದ್ದುದು ಎಷ್ಟೋ ದಿನದ ಮೇಲೆ ನೆನಪಾಯಿತು. ಹರಿದ ರೊಟ್ಟಿಗಳನ್ನೆಲ್ಲ ಹಿತ್ತಿಲ ಬಾಗಿಲಲ್ಲಿ ಹಾಲಿನವನ ಹಸುವಿಗೆ ಹಾಕಿ, ಹೆಂಚು ತೊಳೆದು, ಬಟ್ಟೆಯನ್ನು ಮೂಲೆಗೆ ತುರುಕಿ, ಸೊಸೆ ಬರುವ ಹೊತ್ತಿಗೆ ಗೋಡೆಗೆ ಒರಗಿ ತೂಕಡಿಸುತ್ತಿದ್ದರು.

ಹಸುವಿಗೆ ರೂಢಿಯಾಗಿಬಿಟ್ಟಿತು. ಸೊಸೆ ಗಿರಣಿಗೆ ಹೋಗದ ದಿನವೂ ಅದೇ ಹೊತ್ತಿಗೆ ಬಂದು ಬಾಗಿಲಿಗೆ ಮುಖ ಒಡ್ಡಿ ನಿಲ್ಲತೊಡಗಿತು. “ಇದ್ಯಾಕತ್ತೆ ಹಿಂಗೆ ನಮ್ಮನೆ ಬಾಗಿಲು ಕಾಯುತ್ತೆ? ಸಾಲ ಕೊಟ್ಟಿರೋರ ಥರ,” ಎಂದು ಶಿವಕುಮಾರಿ ಅದರ ಗಂಗೆದೊಗಲು ಸವರಿದಳು. ದನಕ್ಕೆ ಏನು ಗೊತ್ತಾಗುತ್ತೆ, ಎಲ್ಲೋ ದಾರಿ ತಪ್ಪಿರಬೇಕು ಎಂದರು ಪಾರ್ವತಮ್ಮನವರು.

ಯುಗಾದಿಗೆ ಇನ್ನು ಸ್ವಲ್ಪವೇ ದಿನವಿದ್ದಾಗ ಒಂದು ಬೆಳಗ್ಗೆ ಅವರು ಸೊಸೆಗಿಂತ ಮೊದಲು ಎದ್ದರು. ವಿಭೂತಿ ಇಟ್ಟು, ಲಿಂಗಪೂಜೆ ಮುಗಿಸಿ, ಅಡಿಗೆಮನೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡರು. ಮರದ ಹೊಟ್ಟಿನ ಒಲೆ ಹೊತ್ತಿತು. ಹೆಂಚು ಕಾಯಿತು. ಒಂದೊಂದಾಗಿ ರೊಟ್ಟಿಗಳು ಬಟ್ಟೆಯಿಂದ ಬಿಟ್ಟುಕೊಂಡು, ಹರಿಯದೆ, ಹೆಂಚಿನ ಮೇಲೆ ಚಪ್ಪಟೆಯಾಗಿ ಮಲಗಿದವು. ಹೊರಗೆ ಶಿವಕುಮಾರಿ ಎದ್ದ ಸದ್ದಾಯಿತು, ನೀರು ಸೇದಿದ ಸದ್ದಾಯಿತು, ಬಾಗಿಲು ತಳ್ಳಿದಳು. ತೆರೆಯಲಿಲ್ಲ.

“ಅತ್ತೆ?”

“ಇರು. ಆಗ್ತಾ ಇದೆ.”

ಹೊರಗಿನ ಕಿಟಕಿಗೆ ಜನ ಬಂದರು. ಪಾರ್ವತಮ್ಮನವರೇ ಎಲೆ ಹಾಕಿದರು, ಅವರೇ ರೊಟ್ಟಿ ಇಟ್ಟರು, ಅವರೇ ಚಟ್ನಿಪುಡಿ ಬಡಿಸಿದರು. ಕೆಂಚಪ್ಪ ಒಂದು ತುತ್ತು ಮುರಿದು, ತಿರುಗಿಸಿ ನೋಡಿ, ಅಮ್ಮಾವ್ರೇ ರೊಟ್ಟಿಯ ಹೊಟ್ಟೆ ಎಲ್ಲಿ ಹೋಯಿತು, ಚಪ್ಪಟೆಯಾಗಿದೆಯಲ್ಲ ಎಂದ. ಸೊಸೆಗೆ ಮೈ ಸರಿಯಿಲ್ಲವೇ ಎಂದು ಕೇಳಿದ. ಇನ್ನು ಮೇಲೆ ಇದೇ ರೊಟ್ಟಿ ಎಂದರು ಪಾರ್ವತಮ್ಮನವರು. ಅವನು ಆಮೇಲೆ ತಮಾಷೆ ಮಾಡಲಿಲ್ಲ. ಎಲೆ ಮಡಿಸಿ ಹೊರಟುಹೋದ.

ಕೊನೆಯವನೂ ಹೋದ ಮೇಲೆ ಅಗುಳಿ ತೆಗೆದರು. ಶಿವಕುಮಾರಿ ಬಾಗಿಲ ಎದುರಿಗೇ, ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಎರಡೂ ಬಾಣಲೆಗಳು ಇದ್ದವು. ಎಂದಿನಂತೆ ತಿಕ್ಕಿ, ಎಣ್ಣೆ ಸವರಿ ತಂದಿದ್ದಳು. ಅವಳ ಕಣ್ಣು ಅತ್ತೆಯ ಮುಖದಿಂದ ಬುಟ್ಟಿಯಲ್ಲಿ ಉಳಿದಿದ್ದ ಚಪ್ಪಟೆ ರೊಟ್ಟಿಗೆ ಹೋಯಿತು, ಅಲ್ಲಿಂದ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗೆ. ಅದರ ಮೇಲಿನ ರಾಗಿಯ ಕಲೆ ಒಂದು ದಿನದ್ದಾಗಿರಲಿಲ್ಲ.

“ಆ ಹಸು,” ಎಂದಳು. “ಎಷ್ಟು ದಿನದಿಂದ ಅತ್ತೆ?” ಎಂದು ಕೇಳಿದಳು.

“ಒಬ್ಬರ ಕೈಗೆ ಇದೇ ಸಲೀಸು. ಇಷ್ಟು ಸಣ್ಣ ಅಡಿಗೆಮನೇಲಿ ಇಬ್ಬರಿದ್ರೆ ಕಾಲಿಗೆ ಕಾಲು ಸಿಕ್ಕುತ್ತೆ.” ಎಷ್ಟೋ ಬಾರಿ ಮನಸ್ಸಿನಲ್ಲಿ ಹೇಳಿಕೊಂಡು ಹದ ಮಾಡಿಟ್ಟುಕೊಂಡ ಮಾತು ಅದು. ಹೊರಗೆ ಬಂದಾಗ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

ಶಿವಕುಮಾರಿಯ ಮುಖದಲ್ಲಿ ಏನೋ ಒಂದು ಮುಚ್ಚಿಕೊಂಡಿತು. “ನನಗೆ ಹೇಳಿದ್ರೆ ಆಗ್ತಿತ್ತಲ್ಲ,” ಎಂದಳು, ದನಿ ಏರಿಸದೆ. “ಭಾರ ಆಗಿದ್ದೆ ಅಂದ್ರೆ ಅವತ್ತೇ ಹೋಗ್ತಿದ್ದೆ. ಇಷ್ಟು ಕಷ್ಟಪಟ್ಟು, ಬಾಗಿಲು ಹಾಕ್ಕೊಂಡು…”

ಪಾರ್ವತಮ್ಮನವರಿಗೆ ಆಗ ತಾವು ಮಾಡಿದ ತಪ್ಪು ತಿಳಿಯಿತು. ನಿನ್ನ ದಾರಿಗೆ ನಾನು ಅಡ್ಡವಿಲ್ಲ ಎಂದು ಹೇಳಲು ಅವರಿಗೆ ಬರುತ್ತಿದ್ದ ಭಾಷೆ ಇದೊಂದೇ, ರೊಟ್ಟಿಯದು. ಅದೇ ಭಾಷೆಯನ್ನು ಚೆನ್ನಾಗಿ ಬಲ್ಲ ಹುಡುಗಿಗೆ ಕೇಳಿಸಿದ್ದು ಬೇರೆ: ನೀನು ಬೇಡ. ಬರಿಗಲ್ಲಿನ ಸದ್ದು ಕೇಳಿದೆ ಕಣೇ, ಅದನ್ನು ಇನ್ನೊಮ್ಮೆ ಕೇಳಲಾರೆ ಎಂಬ ಮಾತು ಗಂಟಲವರೆಗೆ ಬಂತು. ಆದರೆ ಆ ಒಂದು ಮಾತು ಹೇಳಿದರೆ ಸಾಕು, ಅವಳು ಎದ್ದು ಬಾಣಲೆಯನ್ನು ಒಲೆಯ ಮೇಲಿಡುತ್ತಾಳೆ. ಮತ್ತೆ ಏಳುವುದಿಲ್ಲ. ಈ ಒಲೆಯ ಮುಂದೆಯೇ ಅವಳ ಕೂದಲು ನೆರೆಯುತ್ತದೆ. ಊರ ಮಕ್ಕಳ ಹಿಟ್ಟನ್ನು ಸೋಸುತ್ತ, ಊರ ಆರತಿಗಳನ್ನು ಮೆಟ್ಟಿಲ ಕೆಳಗಿನಿಂದ ಕೇಳುತ್ತ. ನೊಂದಾದರೂ ಹೋಗಲಿ. ಬಂದ ಮಾತನ್ನು ಅವರು ನುಂಗಿದರು.

“ಬಾಣಲೆ ಅಟ್ಟದ ಮೇಲಿಡು,” ಎಂದರು. “ಇನ್ನು ಬೇಕಾಗಲ್ಲ.”

ಶಿವಕುಮಾರಿ ಎದ್ದಳು. ಒಂದರೊಳಗೆ ಒಂದನ್ನು ಕೂರಿಸಿ, ಏಣಿ ಹತ್ತಿ ಇಟ್ಟು ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಆಗಲಿ ಅಂತ ಮಾವಂಗೆ ಹೇಳ್ಕಳಿಸಿ,” ಎಂದಳು.

ಅಂದಿನಿಂದ ಹೊರಡುವ ದಿನದವರೆಗೆ ಅವರಿಬ್ಬರೂ ಮನೆಯಲ್ಲಿ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಒಬ್ಬರಿಗೊಬ್ಬರು ನೀರು ತಂದುಕೊಟ್ಟರು. ಶಿವಕುಮಾರಿ ಅಡಿಗೆಮನೆಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು, ಬರಲೇ ಎಂದು ಕೇಳತೊಡಗಿದಳು. ಪಾರ್ವತಮ್ಮನವರಿಗೆ ಮಗ ಸತ್ತಾಗಲೂ ಹೀಗೆ ಉಸಿರು ಕಟ್ಟಿರಲಿಲ್ಲ. ಆ ಸಾವಿನಲ್ಲಿ ಅವರ ಕೈವಾಡವಿರಲಿಲ್ಲ.

ಹೊರಡುವ ಬೆಳಗ್ಗೆ ಗಂಗಾಧರಯ್ಯ ಹೆಂಡತಿಯೊಡನೆ ಜಟಕಾ ತಂದ. ಹಿಂದಿನ ದಿನವೇ ಅವನ ಹೆಂಡತಿ ವಾಡಿಕೆ ತಿಳಿಸಿ ಹೋಗಿದ್ದಳು: ಹೋಗುವವಳು ಮೊದಲ ಮನೆಯ ಒಂದು ದಾರದೆಳೆಯನ್ನೂ ಒಯ್ಯಬಾರದು, ಮೊದಲ ಮನೆಯವರು ಹೊಸ್ತಿಲವರೆಗೆ ಬಂದು ಕಳಿಸಬಾರದು. ಶಿವಕುಮಾರಿ ಮಾವ ತಂದ ಹೊಸ ಸೀರೆ ಉಟ್ಟಳು, ಹೊಸ ಬಳೆ ತೊಟ್ಟಳು. ಒಡೆಯದ ಮಡಿಕೆಯ ಆ ಸೀರೆಯಲ್ಲಿ ಅವಳು ಪರಿಚಯವಿಲ್ಲದ ಯಾರದೋ ಮನೆಯ ಹುಡುಗಿಯಂತೆ ಕಂಡಳು. ದಾರಿಗೆಂದು ಹುರಿಹಿಟ್ಟಿನ ಉಂಡೆ ಕಟ್ಟಿಟ್ಟಿದ್ದರು ಪಾರ್ವತಮ್ಮನವರು. ಗಂಗಾಧರಯ್ಯನ ಹೆಂಡತಿ ಅದನ್ನು ನೋಡಿ, ಗೂಡಿನಲ್ಲಿ ವಾಪಸು ಇಟ್ಟಳು.

ಪಾರ್ವತಮ್ಮನವರು ಒಲೆಯ ಮುಂದೆ ಹಿಟ್ಟು ನಾದುತ್ತ ಕೂತಿದ್ದರು. ಕಿಟಕಿಯ ಜನ ಬಂದು ಹೋಗಿ ಹೊತ್ತಾಗಿತ್ತು, ಆ ಹಿಟ್ಟು ಯಾರಿಗೂ ಬೇಕಾಗಿರಲಿಲ್ಲ. ಶಿವಕುಮಾರಿ ಬಂದು ಕಾಲಿಗೆ ಬಿದ್ದಾಗ ಎರಡೂ ಕೈ ಮೊಣಕೈಯವರೆಗೆ ಹಿಟ್ಟಾಗಿತ್ತು. ಹೊಸ ಸೀರೆಯ ಮೇಲೆ ಆ ಕೈ ಇಡುವಂತಿರಲಿಲ್ಲ. ಇಡುವಂತಿರಬಾರದೆಂದೇ ಅವರು ಹಿಟ್ಟಿಗೆ ಕೈ ಹಾಕಿ ಕೂತದ್ದು. ಮುಟ್ಟಿದರೆ ಬಿಡಲಾರೆನೆಂದು ಅವರಿಗೆ ಗೊತ್ತಿತ್ತು.

ಹುಡುಗಿ ಆ ಬಾರದ ಕೈಗಾಗಿ ಸ್ವಲ್ಪ ಹೊತ್ತು ತಲೆ ಬಗ್ಗಿಸಿಕೊಂಡೇ ಇದ್ದಳು. ಆಮೇಲೆ ಎದ್ದಳು.

“ಹಿಟ್ಟು ಜರಡಿ ಹಿಡಿದಿಟ್ಟಿದೀನಿ. ವಾರಕ್ಕೆ ಸಾಲುತ್ತೆ,” ಎಂದಳು. “ಗಿರಣಿಯೋನು ರಾಗಿಗೆ ಗೋಧಿ ಬೆರೆಸಿಬಿಡ್ತಾನೆ, ನಿಂತ್ಕೊಂಡೇ ಬೀಸಿಸ್ಕೊಳ್ಳಿ. ಕೈಗೆ ಬಿಸಿ ಎಣ್ಣೆ ಹಚ್ಕೊಳೋದು ಮರೀಬೇಡಿ.”

“ಹೂಂ.”

ಅವಳು ಇನ್ನೂ ನಿಂತಿದ್ದಳು. ಒಂದು ಮಾತಿಗಾಗಿ ನಿಂತಿದ್ದಾಳೆ ಎಂಬುದು ಅವಳ ಕಾಲಬೆರಳುಗಳಿಂದಲೇ ತಿಳಿಯುತ್ತಿತ್ತು. ಬೀದಿಯಲ್ಲಿ ಕುದುರೆ ಗೊರಸು ಕುಟ್ಟಿತು. ಗಂಗಾಧರಯ್ಯ ಕೆಮ್ಮಿದ. ಹೊಸ ಸೀರೆ ಸರಸರನೆ ನಡುಮನೆ ದಾಟಿತು.

“ಕುಮಾರಿ.”

ಹೆಜ್ಜೆ ಥಟ್ಟನೆ ನಿಂತಿತು. “ಏನತ್ತೆ?” ಆ ದನಿ ಅದೆಷ್ಟು ಬೇಗ ಬಂತೆಂದರೆ, ಪಾರ್ವತಮ್ಮನವರು ಕಣ್ಣು ಮುಚ್ಚಿಕೊಂಡರು. ಬೆರಳುಗಳ ನಡುವೆ ಹಿಟ್ಟು ಹಿಸುಕಿ ಹೊರಬಂತು.

“ಏನಿಲ್ಲ. ತಲೆ ಮೇಲೆ ಸೆರಗು ಹೊದ್ಕೊ. ಗಾಳಿ ಇದೆ.”

ಹೊಸ್ತಿಲ ಆ ಕಡೆ ಬಳೆಗಳು ಒಮ್ಮೆ ಸದ್ದು ಮಾಡಿದವು, ಸೆರಗು ಎಳೆದುಕೊಂಡಿರಬೇಕು. ಆಮೇಲೆ ಬೀದಿಯ ಬಾಗಿಲು, ಹೊರಗಿನಿಂದ ಎಳೆದುಕೊಂಡ ಕೈಯ ಜೊತೆ ನಿಧಾನವಾಗಿ ಬಂದು, ಚೌಕಟ್ಟಿಗೆ ಕೂತು, ಮುಚ್ಚಿಕೊಂಡಿತು.